ಪರೀಕ್ಷೆಯಿಂದ ಕಲಿಕೆಯೆಡೆಗೆ: ಬೆಂಜಮಿನ್ ಬ್ಲೂಮ್ ಅವರ ಶೈಕ್ಷಣಿಕ ಹಿನ್ನೆಲೆ ಮತ್ತು ಸಂಶೋಧನೆ

ಅಮೆರಿಕದ ಶೈಕ್ಷಣಿಕ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ (1913–1999) ಹುಟ್ಟಿದ್ದು ಪೆನ್ಸಿಲ್ವೇನಿಯಾದ ಲ್ಯಾನ್ಸ್‌ಫರ್ಡ್‌ನಲ್ಲಿ, ವಲಸೆ ಬಂದ ಯಹೂದಿ ಕುಟುಂಬವೊಂದರಲ್ಲಿ. 1935ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್‌ನಿಂದ ಬಿ.ಎ., ಎಂ.ಎ. ಪದವಿಗಳನ್ನೂ 1942ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಿಂದ ಪಿಎಚ್.ಡಿ.ಯನ್ನೂ ಪಡೆದರು. ಷಿಕಾಗೊದಲ್ಲಿ ಬ್ಲೂಮ್ ಅವರಿಗೆ ಗುರುಗಳಾಗಿದ್ದವರು ರಾಲ್ಫ್ ಟೈಲರ್. ಬೋಧನೆಗೆ ಬರುವ ಮೊದಲೇ ಬ್ಲೂಮ್ ಅಲ್ಲಿನ ಪರೀಕ್ಷಾ ಮಂಡಳಿಯನ್ನು ಸೇರಿದ್ದರು. 1959ರವರೆಗೂ ವಿಶ್ವವಿದ್ಯಾಲಯದ ಪರೀಕ್ಷಕರಾಗಿದ್ದರು. ಮುಂದೆ ಅವರು ಕೈಗೆತ್ತಿಕೊಂಡ ಬಹುಪಾಲು ಪ್ರಶ್ನೆಗಳ ಮೂಲ ಈ ಹುದ್ದೆಯಲ್ಲಿದೆ.

1948ರಲ್ಲಿ ಬಾಸ್ಟನ್‌ನಲ್ಲಿ ಸೇರಿದ್ದ ಕಾಲೇಜು ಪರೀಕ್ಷಕರು ಪ್ರಶ್ನೆಗಳನ್ನು ಪರಸ್ಪರ ಹಂಚಿಕೊಳ್ಳಲು ಒಂದು ಸಮಾನ ಚೌಕಟ್ಟು ಬೇಕೆಂದು ಚರ್ಚಿಸಿದರು. ಅದರ ಫಲವೇ 1956ರ ಬೋಧನೋದ್ದೇಶಗಳ ವರ್ಗೀಕರಣ: ಜ್ಞಾನ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ. ತ್ರಿಭುಜದ ವಿಸ್ತೀರ್ಣದ ಸೂತ್ರ ಬರೆಯುವುದು ಜ್ಞಾನ; ಓರೆಕೋರೆ ಅಂಚಿನ ಹೊಲವೊಂದನ್ನು ತ್ರಿಭುಜಗಳಾಗಿ ಒಡೆದು ಅಳೆಯುವುದು ಅನ್ವಯ. ಇದರಲ್ಲಿ ಬ್ಲೂಮ್ ಒಬ್ಬರೇ ಲೇಖಕರಲ್ಲ, ಅವರು ಸಂಪಾದಕರು. ಜೊತೆಗೆ ನಾಲ್ವರು ಸಹೋದ್ಯೋಗಿಗಳಿದ್ದರು. 1950ರ ದಶಕದ ಕೊನೆಯಲ್ಲಿ ಬ್ಲೂಮ್ ಭಾರತಕ್ಕೆ ಬಂದು ಪ್ರೌಢಶಾಲಾ ಮೌಲ್ಯಮಾಪನದ ಕಾರ್ಯಾಗಾರಗಳನ್ನು ನಡೆಸಿದರು. ಕರ್ನಾಟಕದ ಬಿ.ಎಡ್. ವಿದ್ಯಾರ್ಥಿಗಳು ಘಟಕ ಪರೀಕ್ಷೆಗೆಂದು ಗೆರೆ ಹಾಕಿ ತಯಾರಿಸುವ ನೀಲನಕ್ಷೆಯಲ್ಲಿ ಉದ್ದೇಶಗಳಿಗೆ ಅಂಕ ಹಂಚುವ ಕ್ರಮಕ್ಕೂ ಈ ವರ್ಗೀಕರಣದ ಚಿಂತನೆಯೇ ಆಧಾರ.

ವರ್ಗೀಕರಣದಿಂದಲೇ ಅವರ ಹೆಸರು ಹೆಚ್ಚು ಪರಿಚಿತವಾದರೂ, ಅವರ ಗಟ್ಟಿಯಾದ ಕೊಡುಗೆ ಇರುವುದು 1968ರಲ್ಲಿ ಮಂಡಿಸಿದ ಪ್ರಭುತ್ವ ಕಲಿಕೆಯಲ್ಲಿ. ಪಾಠವನ್ನು ಸಣ್ಣ ಘಟಕಗಳಾಗಿ ಒಡೆದು, ಪ್ರತಿ ಘಟಕದ ಕೊನೆಗೆ ಕಿರುಪರೀಕ್ಷೆ ಕೊಡಬೇಕು. ಅದರ ಅಂಕ ಫಲಿತಾಂಶಕ್ಕೆ ಸೇರುವುದಿಲ್ಲ. ಮಗು ಎಲ್ಲಿ ಎಡವಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಎಡವಿದ ಭಾಗವನ್ನು ಬೇರೆ ರೀತಿಯಲ್ಲಿ ಕಲಿಸಿ, ಮತ್ತೆ ಪರೀಕ್ಷಿಸಿ, ಆಮೇಲೆ ಮುಂದೆ ಸಾಗಬೇಕು. ಎಲ್ಲರಿಗೂ ಒಂದೇ ಸಮಯ, ಒಂದೇ ಬೋಧನೆ ಕೊಟ್ಟರೆ ಫಲಿತಾಂಶ ಚದುರುತ್ತದೆ. ಸಮಯ ಮತ್ತು ನೆರವನ್ನು ಹೊಂದಿಸಿದರೆ ಬಹುಪಾಲು ಮಕ್ಕಳು ಕಲಿಯಬಲ್ಲರು ಎಂಬುದು ಅವರ ವಾದ. ನಪಾಸಾದವನಲ್ಲಿ ಬುದ್ಧಿ ಕಡಿಮೆ ಎಂಬ ತೀರ್ಪಿಗೆ ಇದಕ್ಕಿಂತ ನೇರವಾದ ಉತ್ತರ ಶೈಕ್ಷಣಿಕ ಮನೋವಿಜ್ಞಾನದಲ್ಲಿ ವಿರಳ.

1984ರ ಪ್ರಸಿದ್ಧ ಲೇಖನದಲ್ಲಿ ಅವರು, ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕರಂತೆ ಕಲಿಸಿದಾಗ ಸರಾಸರಿ ವಿದ್ಯಾರ್ಥಿಯು ಸಾಮಾನ್ಯ ತರಗತಿಯ ಶೇ. 98ರಷ್ಟು ಮಂದಿಯನ್ನು ಮೀರುತ್ತಾನೆ ಎಂದು ವರದಿ ಮಾಡಿದರು. ಆ ಪ್ರಯೋಗಗಳು ಅಲ್ಪಾವಧಿಯವು. ಮೇಲಾಗಿ ಪ್ರಭುತ್ವ ಕಲಿಕೆಯ ಪರೀಕ್ಷೆಗಳೂ ಅವುಗಳಲ್ಲಿ ಬೆರೆತಿದ್ದವು. ನಂತರದ ಅಧ್ಯಯನಗಳಲ್ಲಿ ಕಂಡ ಲಾಭ ಗಣನೀಯವೇ ಆದರೂ ಇದಕ್ಕಿಂತ ಕಡಿಮೆ.

1985ರ ಅವರ ಕೃತಿ ಪಿಯಾನೊ ವಾದಕರು, ಶಿಲ್ಪಿಗಳು, ಈಜುಗಾರರು, ಟೆನಿಸ್ ಆಟಗಾರರು, ಗಣಿತಜ್ಞರು, ನರವಿಜ್ಞಾನಿಗಳು ಸೇರಿ ಸುಮಾರು 120 ಸಾಧಕರ ಬಾಲ್ಯವನ್ನು ಶೋಧಿಸಿತು. ಎಳವೆಯಲ್ಲೇ ಅಸಾಧಾರಣರೆನಿಸಿಕೊಂಡವರು ಅವರಲ್ಲಿ ಕೆಲವರೇ. ಮನೆಯವರ ಒತ್ತಾಸೆ, ಮೊದಲ ಗುರುವಿನ ಅಕ್ಕರೆ, ಆಮೇಲೆ ಹಂತಹಂತವಾಗಿ ಸಿಕ್ಕ ಕಠಿಣ ತರಬೇತಿ ಇವು ಮಾತ್ರ ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವು.