ಏಳನೇ ನಂಬರಿನ ಪೇಪರ್ ಓದಿದ್ದೀರಾ?

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ವೈವಾ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಮ್ಮ ರಿಪೋರ್ಟನ್ನು ಹಿಂದಿನಿಂದ ತೆರೆದು, ‘ಏಳನೇ ನಂಬರಿನ ಪೇಪರ್ ಏನು ಹೇಳುತ್ತೆ?’ ಅಂದರು. ನಾಲ್ಕು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಆ ಪಟ್ಟಿ ಸೀನಿಯರ್‌ಗಳ ಪೆನ್‌ಡ್ರೈವ್‌ನಿಂದ ಬಂದದ್ದು. ಅವರೂ ಓದಿರಲಿಲ್ಲ ಅಂತ ಈಗ ನನಗೆ ಗುಮಾನಿ.

ಆಕರ ಅಂದರೆ ಕೊನೆಯ ಪುಟದ ಪಟ್ಟಿ ಅಂತಲೇ ಬಹಳ ಜನ ತಿಳಿದಿದ್ದಾರೆ. ಪಟ್ಟಿಗಿಂತ ಮುಖ್ಯವಾದದ್ದು, ಈ ಮಾತು ಇಂಥ ಕಡೆಯಿಂದ ಬಂತು ಅಂತ ಬರಹದೊಳಗೇ ತೋರಿಸುವ ಗುರುತು. ಎಂಜಿನಿಯರಿಂಗ್‌ನವರ ಐಇಇಇ ಪದ್ಧತಿಯಲ್ಲಿ ಅದು ಚೌಕ ಆವರಣದೊಳಗಿನ ಸಂಖ್ಯೆ. ಸಮಾಜ ವಿಜ್ಞಾನದವರು ಹೆಚ್ಚಾಗಿ ಬಳಸುವ ಎಪಿಎಯಲ್ಲಿ ಲೇಖಕರ ಹೆಸರು ಮತ್ತು ವರ್ಷ. ಯಾವುದನ್ನು ಹಿಡಿದರೂ ಕೊನೆವರೆಗೂ ಅದನ್ನೇ ಹಿಡಿಯಿರಿ. ಸಾಲನ್ನು ಯಥಾವತ್ತಾಗಿ ಎತ್ತಿಕೊಂಡರೆ ಉದ್ಧರಣ ಚಿಹ್ನೆ, ಪುಟಸಂಖ್ಯೆ ಎರಡೂ ಬೇಕು. ಮಾತು ನಿಮ್ಮದಾಗಿ, ವಿಚಾರ ಅವರದಾಗಿದ್ದರೂ ಆಕರ ಕೊಡಲೇಬೇಕು. ಇಲ್ಲೇ ಹೆಚ್ಚಿನವರು ಎಡವುವುದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತಲೆನೋವು. ಎಪಿಎ ಕುಲನಾಮ ಮೊದಲು ಬರಲಿ ಅನ್ನುತ್ತೆ. ನಮ್ಮಲ್ಲಿ ಎಲ್ಲರಿಗೂ ಕುಲನಾಮ ಎಲ್ಲಿದೆ? ಎಸ್.ಎಲ್. ಭೈರಪ್ಪ ಅವರ ‘ಎಸ್’ ಅಂದರೆ ಸಂತೇಶಿವರ, ಊರಿನ ಹೆಸರು. ಭೈರಪ್ಪ ಅನ್ನುವುದು ಅವರದೇ ಹೆಸರು. ಆದರೂ ಪಟ್ಟಿಯಲ್ಲಿ ‘ಭೈರಪ್ಪ, ಎಸ್.ಎಲ್.’ ಅಂದರೆ ಹುಡುಕುವವರಿಗೆ ಸಿಗುತ್ತೆ. ಕುವೆಂಪು ಕುವೆಂಪು ಆಗಿಯೇ ಇರಲಿ, ಪುಸ್ತಕದ ಮೇಲೆ ಅಚ್ಚಾದ ಹೆಸರು ಅದೇ ತಾನೇ? ‘ಮೂಕಜ್ಜಿಯ ಕನಸುಗಳು’ ಮೊದಲು ಬಂದದ್ದು 1968ರಲ್ಲಿ. ನಿಮ್ಮ ಕೈಲಿರುವುದು ಮರುಮುದ್ರಣವಾದರೆ ಪುಟಸಂಖ್ಯೆಯೂ ಅದರದ್ದೇ. ಹಾಗಾಗಿ ಎರಡೂ ವರ್ಷ ಕೊಡಿ.

ಯುಜಿಸಿಯ 2018ರ ನಿಯಮದ ಪ್ರಕಾರ ಥೀಸಿಸ್‌ನಲ್ಲಿ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಶೇ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಕೊಡಬೇಕು. ಶೇ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರತಿ ಸಲ್ಲಿಸುವಂತಿಲ್ಲ, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಉದ್ದೇಶವೇನೋ ಒಳ್ಳೆಯದೇ. ಆದರೆ ನಾನು ಮಾತಾಡಿಸಿದ ಹುಡುಗರು ಇದರಿಂದ ಕಲಿತದ್ದು ಆಕರ ಕೊಡುವುದನ್ನಲ್ಲ, ಪರ್ಸೆಂಟೇಜ್ ಇಳಿಸುವುದನ್ನು. ಇಂಗ್ಲಿಷ್ ಪೇಪರನ್ನು ಕನ್ನಡಕ್ಕೆ ತಿರುಗಿಸಿ ತಮ್ಮದೆಂದು ಕೊಟ್ಟರೆ ಸಾಫ್ಟ್‌ವೇರ್‌ಗೆ ಸಿಗದೇ ಹೋಗಬಹುದು, ಕಳವು ಮಾತ್ರ ಕಳವೇ.

ಈಗ ಚಾಟ್‌ಜಿಪಿಟಿ ಬೇರೆ. ಲೇಖಕರು, ಜರ್ನಲ್, ಸಂಪುಟ ಎಲ್ಲ ಇರುವ, ಆದರೆ ಜಗತ್ತಿನಲ್ಲೇ ಇಲ್ಲದ ಪೇಪರನ್ನು ಅದು ಹುಟ್ಟಿಸಿ ಕೊಡಬಲ್ಲದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅದು ಕೊಟ್ಟ ಸುಳ್ಳು ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ನಮ್ಮ ಸೀನಿಯರ್‌ಗಳ ಪೆನ್‌ಡ್ರೈವೇ ವಾಸಿ, ಅದರಲ್ಲಿದ್ದ ಪೇಪರ್‌ಗಳಾದರೂ ನಿಜವಾಗಿ ಇದ್ದವು.

ಸಲ್ಲಿಸುವ ಹಿಂದಿನ ದಿನ ಪಟ್ಟಿಯ ಒಂದೊಂದು ಲಿಂಕನ್ನೂ ಒತ್ತಿ ನೋಡಿ. ತೆರೆಯದಿದ್ದರೆ ಲೈಬ್ರರಿಯಲ್ಲಿ ಹುಡುಕಿ. ಅಲ್ಲೂ ಸಿಗದಿದ್ದರೆ ಆ ಸಾಲನ್ನು ಪಟ್ಟಿಯಿಂದ ತೆಗೆದುಬಿಡಿ, ಅದನ್ನು ನಂಬಿ ಬರೆದ ವಾಕ್ಯವನ್ನೂ.