ಮನೆಯಲ್ಲೇ ಫೋಟೊ ಪ್ರಿಂಟ್ ಮಾಡ್ತೀರಾ? ಪ್ರಿಂಟರ್‌ಗಿಂತ ಮೊದಲು ಮಾನಿಟರ್ ನೋಡಿ

ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಗೆ ವಿಜಯನಗರದಲ್ಲಿ ಒಂದು ಸಣ್ಣ ಫೋಟೊ ಪ್ರದರ್ಶನ ಮಾಡೋಣ ಅಂತ ನಾವು ಕೆಲವು ಗೆಳೆಯರು ತೀರ್ಮಾನಿಸಿದ್ದೆವು. ನಮ್ಮ ಬೀದಿ ಗುಡಿಸುವ ಹೆಣ್ಣುಮಕ್ಕಳನ್ನು ಬೆಳಗಿನ ಆರೂವರೆಯ ಬೆಳಕಲ್ಲಿ ತೆಗೆದ ಫೋಟೊಗಳು. ಹೊಸ ಪ್ರಿಂಟರ್ ಬಂದಿತ್ತು. ರಾತ್ರಿಯೆಲ್ಲ ಕೂತು ಇಪ್ಪತ್ತು ಎ4 ಪ್ರಿಂಟ್ ತೆಗೆದೆ. ಬೆಳಿಗ್ಗೆ ಒಂದನ್ನು ಅದರಲ್ಲಿದ್ದ ಅಮ್ಮನ ಕೈಗೇ ಕೊಟ್ಟೆ.

ತಿರುಗಿಸಿ ಮುರುಗಿಸಿ ನೋಡಿ, "ಮುಖಾನೇ ಇಲ್ವಲ್ಲಪ್ಪಾ ಇದ್ರಲ್ಲಿ, ಮೂಗುಬೊಟ್ಟೂ ಕಾಣಿಸ್ತಿಲ್ಲ" ಅಂದರು.

ನಿಜ. ಸ್ಕ್ರೀನ್ ಮೇಲೆ ಹೊಳೆಯುತ್ತಿದ್ದ ಮುಖ ಕಾಗದದ ಮೇಲೆ ಬರೀ ಕತ್ತಲೆಯಾಗಿತ್ತು. ಮೊದಲು ಪ್ರಿಂಟರನ್ನೇ ಬೈದೆ. ಆಮೇಲೆ ಗೊತ್ತಾಯಿತು, ತಪ್ಪು ಅದರದ್ದಲ್ಲ, ನನ್ನ ಮಾನಿಟರಿನದು.

ಬಣ್ಣಕ್ಕೂ ರಾಜಕೀಯ ಇದೆ

ಕಪ್ಪು ಚರ್ಮದ ವಿವರ ಕಳೆದುಹೋಗೋದು ಹೊಸ ಕಥೆಯಲ್ಲ. 1950ರ ದಶಕದಿಂದ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಲು 'ಶರ್ಲಿ ಕಾರ್ಡ್' ಕೊಡುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಫೋಟೊ. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲವೂ ಸರಿ ಅಂತ ಲೆಕ್ಕ. ಕಪ್ಪು ಜನರ ಮುಖದ ನೆರಳು, ಹೊಳಪು ಆ ಲೆಕ್ಕದೊಳಗೆ ಇರಲೇ ಇಲ್ಲ. ಇವತ್ತು ಆ ಕಾರ್ಡ್ ಇಲ್ಲ. ಆದರೆ 'ಸರಿಯಾದ ಬಣ್ಣ' ಯಾವುದು ಅಂತ ನಮ್ಮ ಪರವಾಗಿ ಯಂತ್ರವೇ ನಿರ್ಧರಿಸಲಿ ಅಂತ ಬಿಟ್ಟರೆ, ಮೊದಲು ಹೋಗೋದು ನೆರಳಲ್ಲಿರುವ ವಿವರಗಳೇ.

ಮಾನಿಟರ್: ಪ್ರಖರತೆ ಇಳಿಸಿ

ಸಾಮಾನ್ಯ ಮಾನಿಟರ್ ಪೂರ್ತಿ ಬ್ರೈಟ್‌ನೆಸ್‌ನಲ್ಲಿ 250ರಿಂದ 300 ನಿಟ್ಸ್ ಬೆಳಕು ಚೆಲ್ಲುತ್ತೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕನ್ನು ವಾಪಸ್ ಕೊಡುತ್ತೆ ಅಷ್ಟೇ. ಪ್ರಿಂಟ್‌ಗಾಗಿ ಎಡಿಟ್ ಮಾಡುವವರು ಮಾನಿಟರನ್ನು 80ರಿಂದ 120 ನಿಟ್ಸ್‌ಗೆ ಇಳಿಸಿಕೊಳ್ಳೋದು ಅದಕ್ಕೇ. ನಾನು ಪೂರ್ತಿ ಬ್ರೈಟ್‌ನೆಸ್‌ನಲ್ಲಿ ನೋಡಿ "ಸಾಕಷ್ಟು ಬೆಳಕಿದೆ" ಅಂದುಕೊಂಡಿದ್ದೆ.

ಅಳೆಯುವ ಉಪಕರಣ ಇಲ್ಲದಿದ್ದರೆ ಒಂದು ಉಪಾಯ ಇದೆ. ಕಿಟಕಿ ಬೆಳಕಲ್ಲಿ ಒಂದು ಬಿಳಿ ಹಾಳೆಯನ್ನು ಸ್ಕ್ರೀನ್ ಪಕ್ಕ ಹಿಡಿಯಿರಿ. ಸ್ಕ್ರೀನಿನಲ್ಲಿ ಖಾಲಿ ಪುಟ ತೆರೆದು, ಎರಡರ ಬಿಳುಪೂ ಹೆಚ್ಚುಕಡಿಮೆ ಒಂದೇ ಅನ್ನಿಸುವ ತನಕ ಬ್ರೈಟ್‌ನೆಸ್ ಇಳಿಸಿ. ನಿಖರ ಅಲ್ಲ, ಆದರೆ ಮುಖಗಳು ಉಳಿಯುತ್ತವೆ.

ಹೊಸದು ಕೊಳ್ಳುವವರು ಇಷ್ಟು ನೋಡಿ:

- ಐಪಿಎಸ್ ಪ್ಯಾನೆಲ್ ಇರಲಿ. ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗಲ್ಲ.
- ಎಸ್‌ಆರ್‌ಜಿಬಿ ಶೇ. 99 ಅಥವಾ 100 ಅಂತ ಬರೆದಿರಬೇಕು. 'ಶೇ. 45 ಎನ್‌ಟಿಎಸ್‌ಸಿ' ಅಂತಿದ್ದರೆ ಬಿಟ್ಟುಬಿಡಿ, ಅದು ಎಸ್‌ಆರ್‌ಜಿಬಿಯ ಮೂರನೇ ಎರಡು ಭಾಗವನ್ನೂ ಮುಟ್ಟಲ್ಲ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪ್‌ಗಳ ಕಥೆ ಇದೇ.
- ಅಡೋಬಿ ಆರ್‌ಜಿಬಿ ಮಾನಿಟರ್ ಒಳ್ಳೆಯದೇ, ಆದರೆ ಮೊದಲ ಖರೀದಿಗೆ ಬೇಕಿಲ್ಲ.
- ಗೇಮಿಂಗ್‌ಗೆ ಬೇಕಾದ 144 ಹರ್ಟ್ಜ್‌ಗೆ ದುಡ್ಡು ಹಾಕಬೇಡಿ.

ಹಸಿರು ಮೆಟ್ರೊದಲ್ಲಿ ಚಿಕ್ಕಪೇಟೆಗೆ ಇಳಿದರೆ ಎಸ್.ಪಿ. ರೋಡ್ ಹತ್ತಿರವೇ. ಅಲ್ಲಿ ಕಚೇರಿಗಳಿಂದ ಬಂದ ಹಳೇ ಐಪಿಎಸ್ ಮಾನಿಟರ್‌ಗಳು ಸಿಗ್ತವೆ. ಅಂಗಡಿಯಲ್ಲೇ ಆನ್ ಮಾಡಿಸಿ, ಪೂರ್ತಿ ಬೂದು ಬಣ್ಣದ ಚಿತ್ರ ಹಾಕಿ ನೋಡಿ. ಮೂಲೆಗಳಲ್ಲಿ ಹಳದಿ, ಗುಲಾಬಿ ಕಂಡರೆ ಬೇಡ.

ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ದುಬಾರಿ, ಆದರೆ ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು. ರಾಜಾಜಿನಗರದಿಂದ ಕೆಂಗೇರಿವರೆಗಿನ ನಾವು ಐದು ಜನ ದುಡ್ಡು ಹಾಕಿ ಒಂದನ್ನೇ ಕೊಂಡು ಹಂಚಿಕೊಂಡಿದ್ದೇವೆ.

ಪ್ರಿಂಟರ್: ಟ್ಯಾಂಕ್ ಎಷ್ಟು, ಇಂಕ್ ಯಾವುದು?

ಬಿಲ್, ನೋಟ್ಸ್ ತೆಗೆಯುವ ನಾಲ್ಕು ಬಣ್ಣದ ಇಂಕ್‌ ಟ್ಯಾಂಕ್ ಪ್ರಿಂಟರಲ್ಲಿ ಫೋಟೊ ಬರುತ್ತೆ, ಆದರೆ ಮುಖದ ಮೇಲೆ ಸಣ್ಣ ಚುಕ್ಕೆಗಳು ಕಾಣಬಹುದು. ಫೋಟೊಗೆ ಅಂತಲೇ ಇರುವ ಆರು ಬಣ್ಣದವು ವಾಸಿ. ಎಪ್ಸನ್ ಎಲ್8050ರಲ್ಲಿ ತಿಳಿ ಸಯಾನ್, ತಿಳಿ ಮಜೆಂಟಾ ಹೆಚ್ಚುವರಿ, ಇದರಿಂದ ಚರ್ಮದ ಬಣ್ಣ ನಯವಾಗಿ ಬರುತ್ತೆ. ಕ್ಯಾನನ್ ಜಿ570ರಲ್ಲಿ ಬೂದು ಮತ್ತು ಕೆಂಪು ಹೆಚ್ಚುವರಿ. ಕಪ್ಪು-ಬಿಳುಪು ಫೋಟೊ ಹೆಚ್ಚು ತೆಗೆಯುವವರಿಗೆ ಬೂದು ಇಂಕ್ ಅನುಕೂಲ. ಎರಡೂ ಎ4 ತನಕ.

ಇಂಕ್‌ನಲ್ಲಿ ಎರಡು ಜಾತಿ. ಡೈ ಇಂಕ್ ಗ್ಲಾಸಿ ಕಾಗದದಲ್ಲಿ ಹೊಳೆಯುತ್ತೆ, ಬಿಸಿಲಿಗೂ ನೀರಿಗೂ ಸೋಲುತ್ತೆ. ಪಿಗ್ಮೆಂಟ್ ಇಂಕ್ ಹೆಚ್ಚು ಕಾಲ ಬಾಳುತ್ತೆ, ಯಂತ್ರದ ಬೆಲೆಯೂ ಹೆಚ್ಚು. ಆಲ್ಬಮ್‌ಗೆ, ಗಾಜು ಹಾಕಿದ ಫ್ರೇಮಿಗೆ ಡೈ ಸಾಕು.

ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಲೇಬೇಕಾದ ಪ್ರಶ್ನೆ: "ವೇಸ್ಟ್ ಇಂಕ್ ಬಾಕ್ಸ್ ನಾನೇ ಬದಲಾಯಿಸಬಹುದಾ?" ಹೆಡ್ ಕ್ಲೀನ್ ಮಾಡಿದಾಗ ಹೊರಬರುವ ಇಂಕ್ ಅದರೊಳಗೆ ಸೇರುತ್ತೆ. ಅದು ತುಂಬಿದರೆ ಪ್ರಿಂಟರ್ ನಿಲ್ಲುತ್ತೆ. ಇನ್ನೊಂದು ಮಾತು, ವಾರಕ್ಕೊಂದು ಬಣ್ಣದ ಪುಟ ತೆಗೀರಿ. ಇಲ್ಲದಿದ್ದರೆ ನಾಝಲ್ ಒಣಗಿ ಗೆರೆ ಬೀಳುತ್ತೆ.

ಲೆಕ್ಕ ಮತ್ತು ಕಾಗದ

ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 6×4 ಇಂಚಿಗೆ 1800×1200 ಪಿಕ್ಸೆಲ್ ಸಾಕು. ಎ4ಗೆ 3508×2480, ಅಂದರೆ ಸುಮಾರು 87 ಲಕ್ಷ. 12 ಮೆಗಾಪಿಕ್ಸೆಲ್ ಫೋನ್‌ ಸಾಲುತ್ತೆ. ಆದರೆ ವಾಟ್ಸಾಪ್‌ನಲ್ಲಿ ಬಂದ ಫೋಟೊ ಕುಗ್ಗಿರುತ್ತೆ, ಮೂಲ ಫೈಲನ್ನೇ ತರಿಸಿಕೊಳ್ಳಿ.

ಒಂದು ಕಾಗದ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ. ಪ್ರಿಂಟ್ ಸೆಟ್ಟಿಂಗ್‌ನಲ್ಲಿ ಅದೇ ಕಾಗದದ ಬಗೆ ಆರಿಸಿ. ಆ ಕಾಗದಕ್ಕೂ ನಿಮ್ಮ ಪ್ರಿಂಟರ್‌ಗೂ ಹೊಂದುವ ಐಸಿಸಿ ಪ್ರೊಫೈಲ್ ಸಿಕ್ಕರೆ, ಉಚಿತವಾಗಿ ಸಿಗುವ ಗಿಂಪ್ ಅಥವಾ ಡಾರ್ಕ್‌ಟೇಬಲ್‌ನಲ್ಲಿ ಸಾಫ್ಟ್ ಪ್ರೂಫ್ ನೋಡಿ. ಕಾಗದದ ಮೇಲೆ ಹೇಗೆ ಬರಬಹುದು ಅನ್ನೋದು ಮೊದಲೇ ಗೊತ್ತಾಗುತ್ತೆ. ಬಣ್ಣದ ಯಜಮಾನಿಕೆ ಸಾಫ್ಟ್‌ವೇರ್‌ಗೋ ಪ್ರಿಂಟರ್‌ಗೋ ಒಂದಕ್ಕೆ ಮಾತ್ರ ಕೊಡಿ. ಇಬ್ಬರೂ ತಿದ್ದಿದರೆ ಕೆಡುತ್ತೆ. ಎ4 ತೆಗೆಯುವ ಮೊದಲು ಮುಖದ ಭಾಗವನ್ನಷ್ಟೇ ಸಣ್ಣದಾಗಿ ತೆಗೆದು ಹಗಲಲ್ಲಿ ನೋಡಿ.

ಕೊಳ್ಳಲೇಬೇಕಾ?

ತಿಂಗಳಿಗೆ ನಾಲ್ಕೈದು ಫೋಟೊ ಅಂದರೆ ಬೇಡ. ಲ್ಯಾಬ್‌ನಲ್ಲೇ ಮಾಡಿಸಿ, "ಕರೆಕ್ಷನ್ ಹಾಕಬೇಡಿ" ಅಂತ ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಮುಖ ಬೆಳ್ಳಗೆ ಮಾಡಿ ಕೊಡೋ ಸಾಧ್ಯತೆಯಿದೆ. ಕತ್ತಲಾಗೋದು ಎಷ್ಟು ತಪ್ಪೋ ಇದೂ ಅಷ್ಟೇ ತಪ್ಪು.

ಆ ಇಪ್ಪತ್ತನ್ನೂ ಮತ್ತೆ ತೆಗೆದೆ. ಅಮ್ಮ ಈ ಸಲ ಮೂಗುಬೊಟ್ಟಿನ ಮೇಲೆ ಬೆರಳಿಟ್ಟು ನೋಡಿ, ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಕೊನೆಯದಾಗಿ ಇನ್ನೊಂದು. ಇ-ತ್ಯಾಜ್ಯ ನಿಯಮ 2022ರ ಪಟ್ಟಿಯಲ್ಲಿ ಪ್ರಿಂಟರ್ ಜೊತೆ ಕಾರ್ಟ್ರಿಜ್ ಕೂಡ ಇದೆ. ಹಳೇ ಕಾರ್ಟ್ರಿಜ್, ವೇಸ್ಟ್ ಇಂಕ್ ಬಾಕ್ಸ್‌ಗಳನ್ನು ಒಣಕಸಕ್ಕೆ ಎಸೆಯಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಕೊಡಿ. ಎಸೆದರೆ ಅದನ್ನು ಬರಿಗೈಯಲ್ಲಿ ಬೇರೆ ಮಾಡಬೇಕಾದವರು ನಾನು ಫೋಟೊ ತೆಗೆದ ಇದೇ ಜನ.