ದಸರಾ ಚೌಕದ ಸುತ್ತಲಿನ ಮನೆಗಳು



ಕೊಲ್ಹಾಪುರಕ್ಕೆ ಹೋಗದವರು ನಮ್ಮ ಕಡೆ ಯಾರಿದ್ದಾರೆ? ಗಡಹಿಂಗ್ಲಜದವರು ಕೋರ್ಟು ಕಚೇರಿಗೆಂದು, ದವಾಖಾನೆಗೆಂದು ಹೋಗುತ್ತೀರಿ. ಇಚಲಕರಂಜಿಯವರು ಮಗ್ಗದ ಸಾಮಾನಿಗೆ, ಮಕ್ಕಳ ಕಾಲೇಜಿಗೆ. ಕಾಗಲ, ಶಿರೋಳದ ರೈತರು ಬೆಲ್ಲದ ಪೇಟೆಗೆ. ಹೆಣ್ಣುಮಕ್ಕಳು ಮಹಾಲಕ್ಷ್ಮಿಯ ಉಡಿ ತುಂಬುವುದಕ್ಕೆ. ಕೆಲಸ ಮುಗಿಯುತ್ತಲೇ ಕಡೆಯ ಬಸ್ಸು ತಪ್ಪೀತೆಂದು ಸ್ಟ್ಯಾಂಡಿನ ಕಡೆಗೆ ಓಟ. ಈ ಓಡಾಟದಲ್ಲಿ ದಸರಾ ಚೌಕವನ್ನು ನೀವು ಎಷ್ಟು ಸಲ ದಾಟಿದ್ದೀರೋ ಲೆಕ್ಕವಿಲ್ಲ. ಇವತ್ತು ಆ ಚೌಕದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಡುವೆ ಛತ್ರಪತಿ ಶಾಹು ಮಹಾರಾಜರ ಪ್ರತಿಮೆ. ಒಂದು ಕಡೆ ಮುಸ್ಲಿಂ ಬೋರ್ಡಿಂಗ್. ಹತ್ತಿರದಲ್ಲೇ ದಿಗಂಬರ ಜೈನ ಬೋರ್ಡಿಂಗ್. ವೀರಶೈವ ಲಿಂಗಾಯತರ ಚಿತ್ರದುರ್ಗ ಮಠವೂ ಇಲ್ಲಿಯೇ. ಇತ್ತ ಲಕ್ಷ್ಮೀಪುರಿಯ ಅಂಗಡಿ ಸಾಲು, ಅತ್ತ ಭಾವಸಿಂಗಜಿ ರಸ್ತೆ. ವಿಜಯದಶಮಿಯ ಸಂಜೆ ಅರಮನೆಯವರು ಸೀಮೋಲ್ಲಂಘನಕ್ಕೆ ಬರುವುದು ಈ ಬಯಲಿಗೇ. ಹೊತ್ತು ಮುಳುಗುತ್ತಲೇ ಜನ ಎಲೆ ಲೂಟಿ ಮಾಡಿ ಒಬ್ಬರಿಗೊಬ್ಬರು ಬಂಗಾರ ಕೊಡುತ್ತಾರೆ. ನಾವು ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುತ್ತೇವೆ, ಅವರು ಸೋನಂ ಘ್ಯಾ ಎನ್ನುತ್ತಾರೆ. ಎರಡೂ ಮಾತು ನಿಮಗೆ ಮನೆಯ ಮಾತೇ.

ಒಂದು ಚೌಕದ ಆಸುಪಾಸಿನಲ್ಲಿ ಇಷ್ಟು ಸಮಾಜಗಳ ಮನೆಗಳು ತಾವಾಗಿಯೇ ಬಂದು ಸೇರಲಿಲ್ಲ. ಅದರ ಹಿಂದೆ ಒಬ್ಬ ಅರಸನ ಲೆಕ್ಕಾಚಾರವಿದೆ.

ಶಾಹು ಮಹಾರಾಜರು ಹುಟ್ಟಿದ್ದು 1874ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡಿರುವ ಕಾಗಲದ ಘಾಟಗೆ ಮನೆತನದಲ್ಲಿ. 1884ರಲ್ಲಿ ಕೊಲ್ಹಾಪುರದ ಗಾದಿಗೆ ದತ್ತಕ ಹೋದರು, 1894ರಲ್ಲಿ ಅಧಿಕಾರ ವಹಿಸಿಕೊಂಡರು. ರೈಲು 1891ರಲ್ಲೇ ಊರಿಗೆ ಬಂದಿತ್ತು. 1895ರಲ್ಲಿ ಶಾಹುಪುರಿ ಎಂಬ ಹೊಸ ಪೇಟೆ ಕಟ್ಟಿಸಿ ಬೆಲ್ಲದ ವ್ಯಾಪಾರವನ್ನು ಅಲ್ಲಿ ನೆಲೆಗೊಳಿಸಿದರು. ಪೇಟೆ ಬೆಳೆಯಿತು, ಊರಿಗೆ ಹಣ ಬಂತು. ಆದರೆ ಕಚೇರಿಗಳಲ್ಲಿ ಕುಳಿತವರೆಲ್ಲ ಹೆಚ್ಚುಕಡಿಮೆ ಒಂದೇ ವರ್ಗದವರು. ಹಳ್ಳಿಯ ಹುಡುಗ ಕಲಿಯಬೇಕೆಂದರೆ ಊರಿಗೆ ಬರಬೇಕು, ಬಂದವನು ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ? ಪರವೂರಿನಲ್ಲಿ ಮತ್ತೊಂದು ಜಾತಿಯವರ ಮನೆಯಲ್ಲಿ ಒಂದು ತುತ್ತು ಸಿಕ್ಕುವುದು ಆ ಕಾಲದಲ್ಲಿ ಎಷ್ಟು ಕಷ್ಟವೆಂದು ನಿಮ್ಮ ಅಜ್ಜಂದಿರನ್ನು ಕಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಹಾರಾಜರು ಮೊದಲು ಮಾಡಿದ್ದು ಎಲ್ಲ ಜಾತಿಯವರಿಗೂ ಒಂದೇ ವಸತಿಗೃಹ. ಅದು 1896ರ ಮಾತು. ಅದರ ಉಪಯೋಗ ಆದದ್ದು ಬಹುಪಾಲು ಬ್ರಾಹ್ಮಣ ವಿದ್ಯಾರ್ಥಿಗಳಿಗೆ. ಉಳಿದವರು ಆ ಹೊಸ್ತಿಲು ದಾಟಲೇ ಇಲ್ಲ. ಆಗ ಅರಸರು ದಾರಿ ಬದಲಿಸಿದರು. ಆಯಾ ಸಮಾಜದ ಹಿರಿಯರನ್ನು ಕರೆದು, ನಿಮ್ಮ ಮಕ್ಕಳಿಗೆ ನೀವೇ ಮನೆ ನಡೆಸಿರಿ, ಜಾಗ ಮತ್ತು ನೆರವು ನಾವು ಕೊಡುತ್ತೇವೆ ಎಂಬ ಪದ್ಧತಿ ತಂದರು. 1901ರಲ್ಲಿ ಮರಾಠಾ ಬೋರ್ಡಿಂಗ್, ಅದೇ ವರ್ಷ ಜೈನ ಬೋರ್ಡಿಂಗ್. 1906ರಲ್ಲಿ ಮುಸ್ಲಿಂ ಬೋರ್ಡಿಂಗ್, ಅದನ್ನು ನಡೆಸುವ ಸಂಸ್ಥೆಯ ಅಧ್ಯಕ್ಷತೆಯನ್ನು ಸ್ವತಃ ಮಹಾರಾಜರೇ ವಹಿಸಿದ್ದರು. 1907ರಲ್ಲಿ ಲಿಂಗಾಯತರದು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್. ಆಮೇಲೆ ಶಿಂಪಿಗರು, ದೈವಜ್ಞರು, ಸಾರಸ್ವತರು, ಕ್ರೈಸ್ತರು, ದೇವಾಂಗರು, ಹೀಗೆ ಸಾಲು ಬೆಳೆಯಿತು. ಈ ನಡುವೆ 1902ರ ಜುಲೈ 26ರಂದು ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಶೇಕಡಾ 50 ಹಿಂದುಳಿದವರಿಗೆ ಎಂಬ ಹುಕುಮು ಹೊರಟಿತು. ಹುದ್ದೆ ಕಾದಿಟ್ಟರೆ ಸಾಲದು, ಅದಕ್ಕೆ ಕಲಿತ ಹುಡುಗ ಬೇಕಲ್ಲ? ಬೋರ್ಡಿಂಗು ಮತ್ತು ಹುಕುಮು ಒಂದೇ ಗಾಡಿಯ ಎರಡು ಗಾಲಿ.

ಜಾತಿಗೊಂದು ಅಡುಗೆಮನೆ ಕಟ್ಟಿದರೆ ಜಾತಿ ಹೋಗುತ್ತದೆಯೇ, ಗಟ್ಟಿಯಾಗುತ್ತದೆಯೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ನನಗನ್ನಿಸುವ ಮಟ್ಟಿಗೆ, ಹಸಿದ ಹುಡುಗನಿಗೆ ಅಂದು ಬೇಕಾಗಿದ್ದು ತತ್ವವಲ್ಲ, ರೊಟ್ಟಿ ಮತ್ತು ದೀಪ. ಆದರೂ ಪ್ರಶ್ನೆ ಸುಮ್ಮನಾಗಲಿಲ್ಲ. ಅದು ಎದ್ದದ್ದು ಇಲ್ಲಿಯ ಜೈನ ಬೋರ್ಡಿಂಗಿನ ಪಂಕ್ತಿಯಲ್ಲೇ.

ಹಾತಕಣಂಗಲೆ ತಾಲೂಕಿನ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವೂರಾವ ಪಾಟೀಲರು ಆಗ ಆ ಬೋರ್ಡಿಂಗಿನ ಹುಡುಗ. ಅವರ ಹಿರಿಯರು ಮೂಡಬಿದಿರೆಯಿಂದ ಬಂದವರೆಂದು ಹೇಳುತ್ತಾರೆ, ಅಂದರೆ ನಮ್ಮ ಕನ್ನಡ ಕರಾವಳಿಯಿಂದ. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಅವರು ಹೋಗಿ ಬಂದರು. ಅಲ್ಲಿಂದ ಬಂದವನು ಸ್ನಾನ ಮಾಡಿಯೇ ಊಟಕ್ಕೆ ಬರಬೇಕೆಂದು ಕಟ್ಟಪ್ಪಣೆಯಾಯಿತು. ಹುಡುಗ ಒಪ್ಪಲಿಲ್ಲ. ಬೋರ್ಡಿಂಗು ಬಿಡಬೇಕಾಯಿತು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮುಂದೆ ಇದೇ ಭಾವೂರಾವ 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟುಹಾಕಿದರು. ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಬೇಯಿಸಿ ಒಟ್ಟಿಗೆ ಉಣ್ಣುವ ಬೋರ್ಡಿಂಗ್ ನಡೆಸಿದರು. 1927ರಲ್ಲಿ ಗಾಂಧೀಜಿಯವರ ಸಮ್ಮುಖದಲ್ಲಿ ಅದಕ್ಕೆ ಇಟ್ಟ ಹೆಸರು ಏನು ಗೊತ್ತೇ? ಛತ್ರಪತಿ ಶಾಹು ಬೋರ್ಡಿಂಗ್. 1896ರಲ್ಲಿ ಮಹಾರಾಜರ ಕೈಗೆ ಹತ್ತದ ಕೆಲಸ, ಜಾತಿಯ ಬೋರ್ಡಿಂಗಿನಿಂದ ಹೊರಬಿದ್ದ ಒಬ್ಬ ಹುಡುಗನ ಕೈಯಲ್ಲಿ, ಅವರದೇ ಹೆಸರಿನಲ್ಲಿ ಕೈಗೂಡಿತು. ಅದನ್ನು ನೋಡಲು ಮಹಾರಾಜರು ಇರಲಿಲ್ಲ, 1922ರ ಮೇ 6ರಂದು ತೀರಿಕೊಂಡಿದ್ದರು.

ಮಹಾರಾಜರೂ ಬರೀ ಹುಕುಮು ಹೊರಡಿಸಿ ಕೂತವರಲ್ಲ. ನೀರಿನ ತೊಟ್ಟಿ ಮುಟ್ಟಿದ್ದಕ್ಕೆ ಪೆಟ್ಟು ತಿಂದ ಗಂಗಾರಾಮ ಕಾಂಬಳೆ ಎಂಬ ಸೇವಕನಿಗೆ ಇದೇ ಭಾವಸಿಂಗಜಿ ರಸ್ತೆಯಲ್ಲಿ ಚಹಾದ ಅಂಗಡಿ ಹಾಕಿಸಿಕೊಟ್ಟರು. ಗಿರಾಕಿ ಯಾರೂ ಬರಲಿಲ್ಲ. ಅರಸರೇ ಗಾಡಿ ನಿಲ್ಲಿಸಿ ಅಲ್ಲಿ ಚಹಾ ಕುಡಿದರು, ಜೊತೆಯಲ್ಲಿದ್ದವರಿಗೂ ಕುಡಿಸಿದರು. ಅರಸ ಕುಡಿದ ಮೇಲೆ ಒಲ್ಲೆ ಎನ್ನುವ ಧೈರ್ಯ ಯಾವ ಸರದಾರನಿಗೆ?

ಇನ್ನು ನಮ್ಮ ಮಾತಿಗೆ ಬರೋಣ. ಗಡಹಿಂಗ್ಲಜ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಈಗ ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗವೂ ಅದೇ ಸಂಸ್ಥಾನದ್ದು. ಈ ಸೀಮೆಯ ಕನ್ನಡ ಮಕ್ಕಳಿಗೆ ರಾಜಧಾನಿ ಎಂದರೆ ಕೊಲ್ಹಾಪುರವೇ. ಆದರೆ ಅಲ್ಲಿ ಜಾತಿಗೊಂದು ಮನೆಯಿತ್ತು, ಭಾಷೆಗೊಂದು ಮನೆ ಇರಲಿಲ್ಲ. ಕನ್ನಡ ಊರೊಳಗೆ ಬಂದದ್ದು ಜೈನರ ಬಾಗಿಲಿನಿಂದ, ಲಿಂಗಾಯತರ ಬಾಗಿಲಿನಿಂದ, ಇನ್ನಷ್ಟು ಚಿಕ್ಕ ಬಾಗಿಲುಗಳಿಂದ. ಫಲಕದ ಮೇಲೆ ಸಮಾಜದ ಹೆಸರಿದೆ, ಮಾತಿನ ಹೆಸರಿಲ್ಲ. ಹಾಗಾಗಿ ಈ ಊರಿನ ಕನ್ನಡವನ್ನು ಹುಡುಕುವವನು ಬೇರೆ ಕಡೆ ನೋಡಬೇಕು.

ಎಲ್ಲಿ? ಮೊದಲು ಕಲ್ಲಿನಲ್ಲಿ. ಶಿಲಾಹಾರ ಗಂಡರಾದಿತ್ಯನ ಕಾಲದ 1135ರ ಶಾಸನದಲ್ಲಿ ಇಲ್ಲಿಯ ವ್ಯಾಪಾರಿಗಳು ತಮ್ಮ ಸರಕಿನ ಮೇಲೆ ಬಸದಿಗೆ ಬಿಟ್ಟುಕೊಟ್ಟ ಆಯದ ವಿವರ ಕನ್ನಡದಲ್ಲಿದೆ. ಇಂಥ ಕಲ್ಲುಗಳನ್ನು ಓದಿ, ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು 1939ರಲ್ಲಿ ಪುಸ್ತಕವಾಗಿ ತಂದವರು ಇಲ್ಲಿಯ ರಾಜಾರಾಮ ಕಾಲೇಜಿನಲ್ಲೇ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು. 1880ರಲ್ಲಿ ಆರಂಭವಾದ ಆ ಕಾಲೇಜಿನಲ್ಲಿ ಚಿಕ್ಕೋಡಿ ಸೀಮೆಯ ಸದಲಗಾದ ಆ. ನೇ. ಉಪಾಧ್ಯೆಯವರು 1930ರಿಂದ ಪ್ರಾಕೃತ ಕಲಿಸಿದರು. ವಿ. ಕೃ. ಗೋಕಾಕರು ಪ್ರಿನ್ಸಿಪಾಲರಾಗಿದ್ದರು. ಮುಂದೆ ಗೋಕಾಕರು 1958ರಲ್ಲಿ ಬಳ್ಳಾರಿಯಲ್ಲಿ, ಕುಂದಣಗಾರರು 1961ರಲ್ಲಿ ಗದಗಿನಲ್ಲಿ, ಉಪಾಧ್ಯೆಯವರು 1967ರಲ್ಲಿ ಶ್ರವಣಬೆಳಗೊಳದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳ ಅಧ್ಯಕ್ಷರಾದರು. ಒಂದು ಮರಾಠಿ ಊರಿನ ಒಂದೇ ಕಾಲೇಜಿನಿಂದ ಮೂವರು! ಬೆಂಗಳೂರಿನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಇನ್ನೊಂದನ್ನೂ ಹೇಳಿಬಿಡಿ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆ ಕಂಡಿತಲ್ಲ, ಅದರ ಚಿತ್ರೀಕರಣ ನಡೆದದ್ದು ಈ ಊರಿನ ಛತ್ರಪತಿ ಸ್ಟುಡಿಯೋದಲ್ಲಿ.

1949ರ ಮಾರ್ಚ್ 1ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಗೆರೆ ಬಿತ್ತು. ರಾಯಬಾಗ ಆಚೆ, ಗಡಹಿಂಗ್ಲಜ ಈಚೆ. ಗೆರೆಯ ವಾದವನ್ನು ಇಲ್ಲಿ ಎತ್ತುವುದು ಬೇಡ, ಅದಕ್ಕೆ ಬೇರೆ ವೇದಿಕೆಗಳಿವೆ. ಆದರೆ ಬೋರ್ಡಿಂಗಿನ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಇಬ್ಬರು ಗೆಳೆಯರ ಮಕ್ಕಳು ಆಮೇಲೆ ಎರಡು ರಾಜ್ಯಗಳಲ್ಲಿ, ಎರಡು ಮಾಧ್ಯಮಗಳಲ್ಲಿ ಕಲಿತರು ಎಂಬುದು ನಿಮ್ಮ ಹಳ್ಳಿಗಳ ಎಷ್ಟೋ ಮನೆಗಳ ಕಥೆ.

ಆ ಮನೆಗಳಲ್ಲಿ ಕನ್ನಡದ ಹುಡುಗರು ಹೇಗಿದ್ದರು? ಅಡುಗೆಯವನೊಂದಿಗೆ ಯಾವ ಮಾತಿನಲ್ಲಿ ಜಗಳವಾಡಿದರು? ರಾತ್ರಿ ಯಾವ ಮಾತಿನಲ್ಲಿ ಪಾಠ ಬಾಯಿಪಾಠ ಮಾಡಿದರು? ಊರಿಗೆ ಕಾಗದ ಬರೆಯುವಾಗ ಮೋಡಿಯೋ, ಬಾಳಬೋಧವೋ, ಕನ್ನಡವೋ? ಸಮಾಜದ ಫಲಕ ಇದನ್ನು ಹೇಳದು, ಹೇಳಬಲ್ಲವರು ನಿಮ್ಮ ಮನೆಯಲ್ಲಿ ಇದ್ದಾರು. ಅಲ್ಲಿ ಉಳಿದು ಕಲಿತ ಹಿರಿಯರು ನಮ್ಮ ಹಳ್ಳಿಗಳಲ್ಲಿ ಈಗ ಬಹಳ ಮಂದಿ ಉಳಿದಿಲ್ಲ. ಹಳೆಯ ಟ್ರಂಕಿನಲ್ಲಿ ಒಂದು ಕಾಗದ, ಒಂದು ಗುಂಪಿನ ಫೋಟೋ ಸಿಕ್ಕರೂ ಸಿಕ್ಕೀತು. ಫೋಟೋದ ಹಿಂದೆ ಯಾರ್‍ಯಾರು ನಿಂತಿದ್ದಾರೆಂದು ಅವರಿಂದಲೇ ಕೇಳಿ, ಪೆನ್ಸಿಲಿನಲ್ಲಾದರೂ ಹೆಸರು, ಊರು ಬರೆದಿಡಿ. ಕನ್ನಡದಲ್ಲಿ ಬರೆದರೂ ಸರಿ, ಮರಾಠಿಯಲ್ಲಿ ಬರೆದರೂ ಸರಿ.